ಶಟರ್ ಇಳಿದ ಬೀದಿ ಸಣ್ಣ ಅಂಗಡಿಗಳಿಂದ ಮತ್ತೆ ಚಿಗುರುತ್ತದೆಯೇ?

ಪ್ರಶ್ನೆ: ನಗರದ ನಡುವಿನ ಹಳೆಯ ವ್ಯಾಪಾರದ ಬೀದಿ. ನೂರು ಅಂಗಡಿಗಳಿದ್ದರೆ ಮೂವತ್ತರ ಶಟರ್ ಇಳಿದೇ ಇದೆ. ದೊಡ್ಡ ಬ್ರ್ಯಾಂಡ್‌ಗಳು ಮಾಲ್‌ಗೆ ಹೋದವು. ಉಳಿದ ವ್ಯಾಪಾರವನ್ನು ಆನ್‌ಲೈನ್ ನುಂಗಿತು. ಸಣ್ಣ ಸಣ್ಣ ಸ್ವಂತ ಅಂಗಡಿಗಳನ್ನು ತಂದರೆ ಇಂಥ ಬೀದಿ ಮತ್ತೆ ಚಿಗುರುತ್ತದೆ ಎಂದು ಕೆಲವರು ಹೇಳುತ್ತಾರೆ. ಅದೆಲ್ಲ ಕನಸು, ಮೊದಲು ಪಾರ್ಕಿಂಗ್ ಮಾಡಿ, ರಸ್ತೆಗೆ ಕಲ್ಲು ಹಾಸಿ ಎಂದು ಇನ್ನು ಕೆಲವರು. ನಿಜಕ್ಕೂ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಣ್ಣ ಅಂಗಡಿಗಳಿಂದ ಬೀದಿ ಚಿಗುರುವುದು ಕನಸಲ್ಲ. ಹಾಗೆ ಚಿಗುರಿದ ಬೀದಿಗಳು ಬೇಕಾದಷ್ಟಿವೆ. ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಬೀಗದ ಕೈಯಿಂದ. ಆ ಮೂವತ್ತು ಶಟರ್‌ಗಳ ಬೀಗದ ಕೈ ಯಾರ ಹತ್ತಿರ ಇದೆ, ಅವರು ಯಾಕೆ ಕೊಡುತ್ತಿಲ್ಲ, ಏನು ಹೇಳಿದರೆ ಕೊಡುತ್ತಾರೆ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧ ಕೆಲಸ ಆಮೇಲೆ ಬರುತ್ತದೆ, ಅದು ಇನ್ನೂ ಕಷ್ಟ. ಬೀದಿಗೆ ಜನ ಬರಲು ಶುರುವಾದ ಮೇಲೆ, ಜನರನ್ನು ಕರೆತಂದ ಸಣ್ಣ ಅಂಗಡಿಯವರನ್ನೇ ಬಾಡಿಗೆ ಹೊರಗೆ ತಳ್ಳದ ಹಾಗೆ ನೋಡಿಕೊಳ್ಳಬೇಕು. ಕಲ್ಲು, ದೀಪ, ಬಣ್ಣ ಎಲ್ಲ ಬೇಕು. ಆದರೆ ಅವು ಈ ಎರಡರ ನಡುವೆ ಬರುವ ಮಾತು.

ಖಾಲಿ ಅಂಗಡಿಯನ್ನು ನೋಡಿದಾಗ ನಮಗೆ ಮೊದಲು ಅನಿಸುವುದೇನು? ಮಾಲೀಕರಿಗೆ ದುರಾಸೆ, ಬಾಡಿಗೆ ಇಳಿಸಿದ್ದರೆ ಯಾರಾದರೂ ಬರುತ್ತಿದ್ದರು, ಅಲ್ವಾ? ಕೆಲವು ಸಲ ಅದು ನಿಜ. ಆದರೆ ಜಾಸ್ತಿ ಸಲ ಕಾರಣ ಬೇರೆ ಇರುತ್ತದೆ. ದೊಡ್ಡ ಕಟ್ಟಡಗಳ ಬೆಲೆ ಕಟ್ಟುವುದು ಅವುಗಳಿಂದ ಬರುವ ಬಾಡಿಗೆಯ ಲೆಕ್ಕದ ಮೇಲೆ. ಒಂದು ಮಳಿಗೆಯನ್ನು ಅರ್ಧ ಬಾಡಿಗೆಗೆ ಕೊಟ್ಟರೆ ಪಕ್ಕದ ಮಳಿಗೆಯವರೂ ಅರ್ಧಕ್ಕೆ ಕೇಳುತ್ತಾರೆ. ಇಡೀ ಕಟ್ಟಡದ ಬೆಲೆ ಕಾಗದದ ಮೇಲೆ ಕುಸಿಯುತ್ತದೆ. ಆ ಬೆಲೆಯನ್ನು ನಂಬಿ ಬ್ಯಾಂಕ್ ಸಾಲ ಕೊಟ್ಟಿದ್ದರೆ ಅಲ್ಲಿಂದಲೂ ತಕರಾರು. ಖಾಲಿ ಬಿಟ್ಟರೆ ಬಾಡಿಗೆ ಮಾತ್ರ ಹೋಗುತ್ತದೆ, ಬೆಲೆ ಹಾಗೇ ನಿಂತಿರುತ್ತದೆ. ಹೊರಗಿನವರಿಗೆ ಹುಚ್ಚುತನ ಅನಿಸುವ ನಿರ್ಧಾರ ಮಾಲೀಕರ ಲೆಕ್ಕಪುಸ್ತಕದಲ್ಲಿ ಸರಿಯಾಗೇ ಕಾಣುತ್ತದೆ.

ಇನ್ನೊಂದು ಕಾರಣ ಭಯ. ಕಡಿಮೆ ಬಾಡಿಗೆಗೆ ಒಬ್ಬರನ್ನು ಕೂರಿಸಿದರೆ ಅವರು ಏಳುವುದೇ ಇಲ್ಲ, ನಾಳೆ ಒಳ್ಳೆಯ ಬಾಡಿಗೆ ಕೊಡುವ ಕಂಪನಿ ಬಂದರೆ ಏನು ಮಾಡಲಿ ಎಂಬ ಭಯ. ಇದು ಸುಳ್ಳು ಭಯವೇನೂ ಅಲ್ಲ. ಮತ್ತೆ ಕೆಲವು ಕಡೆ ಆಸ್ತಿ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿರುತ್ತದೆ. ಕೆಲವು ಕಡೆ ವೈರಿಂಗ್ ಹಾಳಾಗಿದೆ, ಚಾವಣಿ ಸೋರುತ್ತಿದೆ, ರಿಪೇರಿಗೆ ಮಾಲೀಕರ ಕೈಯಲ್ಲಿ ದುಡ್ಡಿಲ್ಲ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಲೆಕ್ಕಪುಸ್ತಕದ ತೊಂದರೆ ಇರುವವರ ಹತ್ತಿರ ಹೋಗಿ ಬೀದಿಯ ಅಭಿಮಾನದ ಭಾಷಣ ಮಾಡಿದರೆ ಪ್ರಯೋಜನವಿಲ್ಲ. ಹೆದರಿದವರಿಗೆ ಬೇಕಾಗಿರುವುದು ಭದ್ರವಾದ ಕರಾರು. ಅದಕ್ಕೇ ಮೊದಲ ತಿಂಗಳು ಒಂದು ನೋಟ್‌ಬುಕ್ ಹಿಡಿದು, ಒಂದೊಂದೇ ಶಟರ್‌ನ ಕಥೆ ಬರೆದುಕೊಳ್ಳಿ ಎಂದು ನಾನು ಹೇಳುವುದು. ಯಾರದು, ಎಷ್ಟು ದಿನದಿಂದ ಖಾಲಿ, ಯಾಕೆ ಖಾಲಿ, ಒಳಗೆ ನೀರು-ಕರೆಂಟ್ ಇದೆಯೇ? ಬೇಜಾರಿನ ಕೆಲಸ. ಆದರೆ ಇದನ್ನು ಬಿಟ್ಟು ಮುಂದೆ ಹೋದ ಯಾವ ಯೋಜನೆಯೂ ಗಟ್ಟಿಯಾಗಿ ನಿಂತದ್ದನ್ನು ನಾನು ನೋಡಿಲ್ಲ.

ಇದಕ್ಕೆ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರದ ಉದಾಹರಣೆ ಚೆನ್ನಾಗಿ ಹೊಂದುತ್ತದೆ. ಅದು ಉಕ್ಕು ಮತ್ತು ಕಲ್ಲಿದ್ದಲಿನ ನಗರ. 1989ರಲ್ಲಿ ಭೂಕಂಪವಾಯಿತು. 1999ರಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಮುಚ್ಚಿತು. ವ್ಯಾಪಾರ ಹೊರವಲಯದ ಮಾಲ್‌ಗಳ ಕಡೆ ಹೋಯಿತು. ನಗರದ ಹಂಟರ್ ಸ್ಟ್ರೀಟ್ ಸೊರಗಿತು. 2008ರಲ್ಲಿ ಅದೇ ಊರಿನ ಮಾರ್ಕಸ್ ವೆಸ್ಟ್‌ಬರಿ ಎಂಬವರು ಅಲ್ಲಿ ನಡೆದು ಲೆಕ್ಕ ಹಾಕಿದಾಗ ಮುಖ್ಯ ಬೀದಿಗಳಲ್ಲಿ ಸುಮಾರು 150 ಕಟ್ಟಡಗಳು ಖಾಲಿ ಇದ್ದವು. ಅವರು ಕಟ್ಟಿದ ಸಂಸ್ಥೆಯ ಹೆಸರು ರಿನ್ಯೂ ನ್ಯೂಕ್ಯಾಸಲ್. ಅದು ಒಂದು ಕಟ್ಟಡವನ್ನೂ ಕೊಳ್ಳಲಿಲ್ಲ, ಒಂದು ರಸ್ತೆಯನ್ನೂ ಅಗೆಯಲಿಲ್ಲ. ಅದು ಮಾಡಿದ್ದು ಒಂದು ಕಾಗದ.

ಆ ಕಾಗದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಬಾಡಿಗೆ ಕರಾರಲ್ಲ, ಬರೀ ಬಳಸಿಕೊಳ್ಳಲು ಅನುಮತಿ. 30 ದಿನಗಳ ಲೆಕ್ಕದಲ್ಲಿ ಮುಂದುವರಿಯುತ್ತಾ ಹೋಗುತ್ತದೆ. ಮಾಲೀಕರಿಗೆ ಪೂರ್ತಿ ಬಾಡಿಗೆ ಕೊಡುವವರು ಸಿಕ್ಕಿದರೆ ಮುಂಚೆ ತಿಳಿಸಿ ಜಾಗ ವಾಪಸ್ ಪಡೆಯಬಹುದು. ಬಾಡಿಗೆದಾರರ ಹಕ್ಕು ಹುಟ್ಟುವುದೇ ಇಲ್ಲವಾದ್ದರಿಂದ ಮಾಲೀಕರ ಭಯ ಹೋಯಿತು. ಬಾಡಿಗೆಯ ದರ ಎಂದು ಎಲ್ಲೂ ದಾಖಲಾಗುವುದಿಲ್ಲವಾದ್ದರಿಂದ ಕಟ್ಟಡದ ಬೆಲೆಗೂ ಪೆಟ್ಟಿಲ್ಲ. ವಿಮೆ, ಕಾಗದಪತ್ರದ ತಲೆನೋವನ್ನು ಸಂಸ್ಥೆಯೇ ಹೊತ್ತುಕೊಂಡಿತು. ಒಳಗೆ ಬಂದವರು ಯಾರು? ಆಭರಣ ಮಾಡುವವರು, ಬಟ್ಟೆ ಹೊಲಿಯುವವರು, ಫೋಟೋ ತೆಗೆಯುವವರು, ಚಿತ್ರ ಬರೆಯುವವರು. ಮನೆಯ ಮೂಲೆಯಲ್ಲಿ ಕೆಲಸ ಮಾಡುತ್ತಾ, ಒಂದು ಅಂಗಡಿ ಇದ್ದಿದ್ದರೆ ಎಂದು ಆಸೆ ಪಡುತ್ತಿದ್ದವರು. ಅವರ ಕೈಯಲ್ಲಿ ದುಡ್ಡಿರಲಿಲ್ಲ, ಸಮಯ ಇತ್ತು. ಗೋಡೆ ಉಜ್ಜಿದರು, ಗಾಜು ಒರೆಸಿದರು, ದೀಪ ಹಾಕಿದರು. ಸಂಜೆ ಕತ್ತಲಾಗುತ್ತಿದ್ದ ಬೀದಿಯಲ್ಲಿ ಅಲ್ಲೊಂದು ಇಲ್ಲೊಂದು ಕಿಟಕಿ ಬೆಳಗಿತು. ಹಾಗೆ ಶುರುವಾದದ್ದು 2011ಕ್ಕೆ ನೋಡಲೇಬೇಕಾದ ಹತ್ತು ನಗರಗಳಲ್ಲಿ ಒಂದು ಎಂದು ಲೋನ್ಲಿ ಪ್ಲಾನೆಟ್ ಆ ನಗರವನ್ನು ಹೆಸರಿಸುವವರೆಗೆ ಹೋಯಿತು.

ನಾನು ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ ಇದೆ. ಸಣ್ಣ ವ್ಯಾಪಾರಿಗೆ ಬೇಕಾಗಿರುವುದು ಸೋತರೂ ಬದುಕಿ ಉಳಿಯುವಷ್ಟು ಸಣ್ಣ ಸೋಲು. ಮಾಮೂಲಿ ಅಂಗಡಿ ತೆರೆಯಲು ಏನೇನು ಬೇಕು ನೋಡಿ. ಅಡ್ವಾನ್ಸ್ ಕಟ್ಟಬೇಕು, ಒಳಗಿನ ಕೆಲಸ ಮಾಡಿಸಬೇಕು, ಸ್ಟಾಕ್ ತುಂಬಬೇಕು, ಮೇಲೆ ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಸಹಿ ಹಾಕಬೇಕು. ಮೊದಲ ಬೋಣಿ ಆಗುವ ಮೊದಲೇ ಉಳಿತಾಯವೆಲ್ಲ ಖಾಲಿ. ಹೀಗಿರುವಾಗ ಧೈರ್ಯ ಮಾಡುವವರು ಯಾರು? ಆಗಲೇ ಇಪ್ಪತ್ತು ಮಳಿಗೆ ಇರುವ ಕಂಪನಿ ಮಾತ್ರ. ಮೂರು ತಿಂಗಳು ಇದ್ದು ನೋಡಿ, ಆಗದಿದ್ದರೆ ಕೀ ವಾಪಸ್ ಕೊಡಿ ಎಂದಾಗ ಬರುವ ಜನರೇ ಬೇರೆ. ಅವರಲ್ಲಿ ಕೆಲವರು ಸೋಲುತ್ತಾರೆ, ಸೋಲಲಿ. ಬೀದಿಗೆ ಅದರಿಂದ ನಷ್ಟವಿಲ್ಲ, ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಗೆದ್ದವರು ಬೀದಿಯ ಬೇರು ಆಗುತ್ತಾರೆ.

ನಗರಗಳ ಬಗ್ಗೆ ಬರೆದ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಇದನ್ನು ಕಟ್ಟಡಗಳ ವಿಷಯವಾಗಿ ಹೇಳಿದ್ದರು. ಬೀದಿಯಲ್ಲಿ ಹಳೆಯ, ಸಾಧಾರಣ ಕಟ್ಟಡಗಳು ಸಾಕಷ್ಟು ಉಳಿದಿರಬೇಕು. ಹೊಸ ಕಟ್ಟಡದ ಖರ್ಚನ್ನು ಎತ್ತುವ ಬಾಡಿಗೆ ಕೊಡಲು ಗಟ್ಟಿಯಾಗಿ ಬೇರೂರಿದ ವ್ಯಾಪಾರಕ್ಕೆ ಮಾತ್ರ ಸಾಧ್ಯ, ಹೊಸ ಯೋಚನೆಗೆ ಹಳೆಯ ಸೂರು ಬೇಕು ಎಂಬುದು ಅವರ ವಾದ. ಹಾಗಾಗಿ ಬೀದಿ ಸುಧಾರಣೆ ಎಂದು ಸಾಲಾಗಿ ಹಳೆಯ ಕಟ್ಟಡ ಕೆಡವುವ ಯೋಜನೆ ಬಂದರೆ ನನಗೆ ಆತಂಕವಾಗುತ್ತದೆ. ಕಟ್ಟಡ ಹೊಸದಾಗುತ್ತದೆ, ಸಣ್ಣವರಿಗೆ ಬಾಗಿಲು ಮುಚ್ಚುತ್ತದೆ.

ಅಂಗಡಿಯ ಅಳತೆಯೂ ಮುಖ್ಯ. ಮುಚ್ಚಿಹೋದ ದೊಡ್ಡ ಶೋರೂಮನ್ನು ಒಬ್ಬ ಸಣ್ಣ ವ್ಯಾಪಾರಿಗೆ ಕೊಡಲಾಗುವುದಿಲ್ಲ. ಅದನ್ನು ಐದೋ ಆರೋ ಮಾಡಿ. ಇದರಿಂದ ಬಾಡಿಗೆ ಎಟಕುತ್ತದೆ, ಜೊತೆಗೆ ಇನ್ನೊಂದು ಲಾಭವೂ ಇದೆ. ಡೆನ್ಮಾರ್ಕಿನ ನಗರ ವಿನ್ಯಾಸಕ ಯಾನ್ ಗೆಲ್ ದಶಕಗಳ ಕಾಲ ಬೀದಿಗಳಲ್ಲಿ ನಿಂತು ಜನ ಹೇಗೆ ನಡೆಯುತ್ತಾರೆ ಎಂದು ಗಮನಿಸಿದವರು. 100 ಮೀಟರ್‌ಗೆ 15ರಿಂದ 20 ಬಾಗಿಲುಗಳಿರುವ ಬೀದಿ ಅತ್ಯಂತ ಲವಲವಿಕೆಯದು ಎನ್ನುತ್ತಾರೆ ಅವರು. ಲೆಕ್ಕ ಹಾಕಿ ನೋಡಿ. ಮಾಮೂಲಿ ನಡಿಗೆಯಲ್ಲಿ 100 ಮೀಟರ್ ದಾಟಲು ಸುಮಾರು 75 ಸೆಕೆಂಡ್ ಬೇಕು. 15 ಬಾಗಿಲಿದ್ದರೆ ಐದು ಸೆಕೆಂಡಿಗೊಂದು ಹೊಸ ನೋಟ. ಇಲ್ಲೊಬ್ಬರು ಚಪ್ಪಲಿ ಹೊಲಿಯುತ್ತಿದ್ದಾರೆ, ಅಲ್ಲಿ ಗಡಿಯಾರಗಳ ಸಾಲು, ಮುಂದೆ ಬಟ್ಟೆಯ ತಾನು ಬಿಚ್ಚುತ್ತಿದ್ದಾರೆ. ಕಾಲು ತಾನಾಗಿ ನಿಧಾನವಾಗುತ್ತದೆ. ಅದೇ 100 ಮೀಟರಿನಲ್ಲಿ ಒಂದು ಬ್ಯಾಂಕು, ಒಂದು ಖಾಲಿ ಗೋಡೆ, ಒಂದು ಕಪ್ಪು ಗಾಜಿನ ಕಚೇರಿ ಇದ್ದರೆ? ನಾವು ತಲೆ ತಗ್ಗಿಸಿ ಬಿರಬಿರನೆ ನಡೆದುಬಿಡುತ್ತೇವೆ. ಒಂದು ಸಲ ಸುಮ್ನೆ ವಾಚ್ ಹಿಡಿದು ಬೀದಿಯಲ್ಲಿ ನಡೆದು ನೋಡಿ. ಎಲ್ಲಿ ನಿಮ್ಮ ಕಾಲು ಓಡುತ್ತದೋ ಅಲ್ಲೇ ಬೀದಿಗೆ ಗಾಯವಾಗಿದೆ.

ಯಾವ ಅಂಗಡಿ ಬರಬೇಕು ಎಂಬ ಪ್ರಶ್ನೆಗೆ ಬರುತ್ತೇನೆ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಅದೇ ಪೆಟ್ಟಿಗೆಯನ್ನು ಇಲ್ಲಿ ಜಾಸ್ತಿ ಬೆಲೆಗೆ ಮಾರುವ ಅಂಗಡಿ ಉಳಿಯುವುದು ಕಷ್ಟ. ಕೈ ಬೇಕಾದ ಕೆಲಸ ಉಳಿಯುತ್ತದೆ: ರಿಪೇರಿ, ಅಳತೆ ತೆಗೆದು ಹೊಲಿಯುವುದು, ಮುಟ್ಟಿ ನೋಡಿ ಆರಿಸುವುದು, ಕಲಿಸುವುದು. ಸೈಕಲ್ ಮಾರುವವರಿಗಿಂತ ಸೈಕಲ್ ಮಾರಿ, ರಿಪೇರಿಯನ್ನೂ ಮಾಡುವವರು ಗಟ್ಟಿ. ಮುಂದೆ ಅಂಗಡಿ, ಹಿಂದೆ ಕೆಲಸದ ಜಾಗ ಇರುವ ಮಾದರಿ ಇನ್ನೂ ಒಳ್ಳೆಯದು. ಏಕೆಂದರೆ ಬೀದಿಯ ಗಿರಾಕಿ ಒಂದು ದಿನ ಬರದಿದ್ದರೂ ಆರ್ಡರ್ ಕೆಲಸ ನಡೆಯುತ್ತಿರುತ್ತದೆ. ಇವತ್ತು ಗೆಲ್ಲುವ ಎಷ್ಟೋ ಸಣ್ಣ ಅಂಗಡಿಗಳು ಇಂಟರ್ನೆಟ್‌ನಲ್ಲೂ ಮಾರುತ್ತವೆ. ಬೀದಿಯ ಮಳಿಗೆ ಅವರಿಗೆ ಮುಖ, ಇಂಟರ್ನೆಟ್ ಇನ್ನೊಂದು ಕೈ. ಅದನ್ನು ಶತ್ರು ಎಂದುಕೊಳ್ಳಬೇಕಿಲ್ಲ.

ಒಂದೇ ಬಗೆಯ ಅಂಗಡಿಗಳು ಪಕ್ಕಪಕ್ಕ ಬಂದರೆ ಹೊಡೆದಾಟ ಎಂದು ವ್ಯಾಪಾರಿಗಳು ಹೆದರುತ್ತಾರೆ. ಹೋಲಿಸಿ ನೋಡಿ ಕೊಳ್ಳುವ ವಸ್ತುಗಳಲ್ಲಿ ಇದು ಉಲ್ಟಾ. ಐದು ಪುಸ್ತಕದ ಅಂಗಡಿ ಒಂದೇ ಕಡೆ ಇದ್ದರೆ ಪುಸ್ತಕ ಬೇಕಾದವರು ಬೇರೆಲ್ಲೂ ಹೋಗುವುದಿಲ್ಲ. ಬಟ್ಟೆ, ವಾದ್ಯ, ಪೀಠೋಪಕರಣ ಎಲ್ಲದರಲ್ಲೂ ಹೀಗೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆಫೆ, ಗಿಫ್ಟ್ ಅಂಗಡಿ, ಚೆಂದದ ಮೇಣದಬತ್ತಿ ಮಾರುವ ಅಂಗಡಿ ಮಾತ್ರ ತುಂಬಿಕೊಂಡರೆ ಬೀದಿ ಚಿಗುರಿದ ಹಾಗೆ ಕಾಣುತ್ತದೆ, ಬೇರು ಇಳಿದಿರುವುದಿಲ್ಲ. ಜನ ವಾರಕ್ಕೊಂದು ಸಲ ನೋಡಲು ಬರುತ್ತಾರೆ, ಮಂಗಳವಾರ ಬೆಳಿಗ್ಗೆ ಯಾರೂ ಇರುವುದಿಲ್ಲ. ಔಷಧಿ ಅಂಗಡಿ, ದಿನಸಿ, ಕ್ಷೌರದಂಗಡಿ, ಸ್ಟೇಷನರಿ, ಬೀಗ ರಿಪೇರಿ ಇವೇ ಜನರನ್ನು ದಿನಾ ಎಳೆದು ತರುವುದು. ಗ್ರಂಥಾಲಯ, ಅಂಚೆ ಕಚೇರಿ, ಕ್ಲಿನಿಕ್ ಬೀದಿಯಲ್ಲಿದ್ದರೆ ಅದನ್ನು ಕಾಪಾಡಿಕೊಳ್ಳುವುದಕ್ಕೆ ಹೋರಾಡಿ. ಒಂದು ಅಂಚೆ ಕಚೇರಿ ಹೊರಗೆ ಹೋದರೆ ಅದರ ಜೊತೆ ಹೋಗುವ ಹೆಜ್ಜೆಗಳನ್ನು ಹತ್ತು ಬೂಟಿಕ್‌ಗಳು ಸೇರಿದರೂ ವಾಪಸ್ ತರಲಾರವು. ಮೇಲಿನ ಮಹಡಿಗಳಲ್ಲಿ ಜನ ವಾಸಿಸುವಂತಾದರೆ ಇನ್ನೂ ಒಳ್ಳೆಯದು. ಅಂಗಡಿ ಮುಚ್ಚಿದ ಮೇಲೂ ಬೀದಿಯಲ್ಲಿ ಬೆಳಕಿರುತ್ತದೆ, ಓಡಾಟ ಇರುತ್ತದೆ.

ಈಗ ಪಾರ್ಕಿಂಗ್ ಮತ್ತು ಕಲ್ಲು ಹಾಸುವ ಮಾತು. ಪಾರ್ಕಿಂಗ್ ಇಲ್ಲದಿದ್ದರೆ ಗಿರಾಕಿಯೇ ಇಲ್ಲ ಎಂದು ಅಂಗಡಿಯವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ಗ್ಲೌಸ್ಟರ್ ರೋಡ್ ಸಣ್ಣ ಸ್ವಂತ ಅಂಗಡಿಗಳಿಗೇ ಹೆಸರಾದ ಬೀದಿ. ಆ ನಗರದ ವ್ಯಾಪಾರಿಗಳನ್ನೂ ಗಿರಾಕಿಗಳನ್ನೂ 2006ರಲ್ಲಿ ಬೇರೆ ಬೇರೆಯಾಗಿ ಕೇಳಲಾಯಿತು. ನಮ್ಮ ಗಿರಾಕಿಗಳಲ್ಲಿ ಶೇ 41ರಷ್ಟು ಜನ ಕಾರಿನಲ್ಲಿ ಬರುತ್ತಾರೆ ಎಂದರು ವ್ಯಾಪಾರಿಗಳು. ಗಿರಾಕಿಗಳನ್ನೇ ಕೇಳಿದಾಗ ಕಾರಿನಲ್ಲಿ ಬಂದವರು ಶೇ 22. ಕಾರಿನವರು ಪಾರ್ಕಿಂಗ್ ಬಗ್ಗೆ ದೂರುತ್ತಾರೆ, ಅದು ನೆನಪಿರುತ್ತದೆ. ನಡೆದು ಬಂದವರು ಏನೂ ಹೇಳದೆ ಸಾಮಾನು ತೆಗೆದುಕೊಂಡು ಹೋಗುತ್ತಾರೆ. ನಿಮ್ಮ ಬೀದಿಯ ಉತ್ತರ ಬೇರೆ ಇರಬಹುದು, ಆದ್ದರಿಂದ ಊಹೆ ಮಾಡದೆ ಗಿರಾಕಿಗಳನ್ನೇ ಕೇಳಿ. ಒಂದು ಶನಿವಾರ, ಒಂದು ಮಂಗಳವಾರ, ನಾಲ್ಕು ಜನ, ನಾಲ್ಕು ಪೆನ್ನು ಸಾಕು.

ವಾಹನ ನಿಲ್ಲಿಸಿ ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟರೆ ಎಲ್ಲ ಸರಿಯಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿಗೆ 1962ರಲ್ಲಿ ಕಾರು ಬಿಡುವುದನ್ನು ನಿಲ್ಲಿಸಿದಾಗ ವ್ಯಾಪಾರಿಗಳು ಗಾಬರಿಯಾಗಿದ್ದರು. ಅದು ಗೆದ್ದಿತು, ಇವತ್ತಿಗೂ ಆ ನಗರದ ಹೆಮ್ಮೆ. ಆದರೆ ಅಮೆರಿಕದ ಕಲಮಜೂ ನಗರ 1959ರಲ್ಲಿ ತನ್ನ ಮುಖ್ಯ ಬೀದಿಯನ್ನು ಹೀಗೇ ಮಾಡಿ, 1998ರಲ್ಲಿ ಮತ್ತೆ ವಾಹನ ಬಿಟ್ಟಿತು. ಷಿಕಾಗೋದ ಸ್ಟೇಟ್ ಸ್ಟ್ರೀಟ್ 1979ರಲ್ಲಿ ಕಾರು ತಡೆದು 1996ರಲ್ಲಿ ತೆರೆಯಿತು. ವ್ಯತ್ಯಾಸ ಎಲ್ಲಿದೆ? ಕೋಪನ್‌ಹೇಗನ್‌ನಲ್ಲಿ ಬೀದಿಯ ಸುತ್ತ ಜನ ವಾಸವಿದ್ದರು, ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬರುತ್ತಿದ್ದರು. ಜನ ಆಗಲೇ ಊರ ಹೊರಗೆ ಮನೆ ಮಾಡಿ ಕಾರಿಗೆ ಒಗ್ಗಿಹೋದ ಕಡೆ, ಕಲ್ಲು ಹಾಸಿದ ಖಾಲಿ ಬೀದಿ ಇನ್ನೂ ಖಾಲಿಯಾಗಿ ಕಂಡಿತು. ಅಗಲವಾದ ಫುಟ್‌ಪಾತ್, ನೆರಳು, ಕೂರಲು ಬೆಂಚು, ರಸ್ತೆ ದಾಟಲು ಸುಲಭ ಜಾಗ ಎಲ್ಲಿಯಾದರೂ ಒಳ್ಳೆಯದೇ. ಆದರೆ ಒಂದು ಮಾತು ನೆನಪಿಡಿ. ರಸ್ತೆ ಅಗೆದು ಆರು ತಿಂಗಳ ಕೆಲಸ ಒಂದೂವರೆ ವರ್ಷ ಎಳೆದರೆ, ಆ ಧೂಳಿನಲ್ಲಿ ಮೊದಲು ಮುಚ್ಚುವುದು ನೀವು ಯಾರಿಗಾಗಿ ಇದನ್ನೆಲ್ಲ ಮಾಡುತ್ತಿದ್ದೀರೋ ಅದೇ ಸಣ್ಣ ಅಂಗಡಿ. ಅವರ ಕೈಯಲ್ಲಿ ಎರಡು ಮೂರು ತಿಂಗಳ ಖರ್ಚಿಗೆ ಆಗುವಷ್ಟು ದುಡ್ಡೂ ಇರುವುದಿಲ್ಲ.

ಇನ್ನು ಇದನ್ನೆಲ್ಲ ಮಾಡುವವರು ಯಾರು? ವ್ಯಾಪಾರಿಗಳ ಸಂಘ ಎಲ್ಲ ಕಡೆ ಇರುತ್ತದೆ. ತೊಂದರೆಯೂ ಎಲ್ಲ ಕಡೆ ಒಂದೇ: ಹತ್ತು ಜನ ಚಂದಾ ಕೊಡುತ್ತಾರೆ, ನೂರು ಜನ ಲಾಭ ಪಡೆಯುತ್ತಾರೆ, ಮೂರನೇ ವರ್ಷ ಆ ಹತ್ತು ಜನಕ್ಕೂ ಸಾಕಾಗುತ್ತದೆ. ಕೆನಡಾದ ಟೊರಾಂಟೊದಲ್ಲಿ ಬ್ಲೋರ್ ವೆಸ್ಟ್ ವಿಲೇಜ್ ಎಂಬ ಬೀದಿಯ ವ್ಯಾಪಾರಿಗಳು ಇದಕ್ಕೆ ದಾರಿ ಕಂಡುಕೊಂಡರು. 1960ರ ದಶಕದಲ್ಲಿ ಒಂದು ಕಡೆ ಮಾಲ್ ಬಂತು. ಇನ್ನೊಂದು ಕಡೆ ನೆಲದಡಿಯ ರೈಲು ಬಂದು, ಟ್ರಾಮ್‌ನಲ್ಲಿ ಬೀದಿಯ ಮೇಲೆ ಹೋಗುತ್ತಿದ್ದ ಜನ ಕಣ್ಮರೆಯಾದರು. ಆಗ ಅವರು ಕೇಳಿದ್ದು ಸರಳ. ಬೀದಿಯ ಎಲ್ಲ ವ್ಯಾಪಾರದವರ ಮೇಲೂ ಒಂದು ಸಣ್ಣ ಶುಲ್ಕ ಹಾಕಿ, ನಗರಾಡಳಿತವೇ ವಸೂಲಿ ಮಾಡಿ, ಅದನ್ನು ಖರ್ಚು ಮಾಡುವುದು ನಮಗೆ ಬಿಡಿ. 1970ರಲ್ಲಿ ಅದು ಜಾರಿಗೆ ಬಂತು. ಆ ಬಗೆಯ ವ್ಯವಸ್ಥೆ ಜಗತ್ತಿನಲ್ಲಿ ಅದೇ ಮೊದಲನೆಯದು. ಆಮೇಲೆ ಎಷ್ಟೋ ದೇಶಗಳು ಅದನ್ನು ಅನುಸರಿಸಿದವು. ಬ್ರಿಟನ್ನಿನಲ್ಲಿ ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳೇ ಮತ ಹಾಕಿ ಇದು ಮುಂದುವರಿಯಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ನನಗೆ ಈ ಮತದಾನದ ಭಾಗ ತುಂಬಾ ಇಷ್ಟ. ಕೆಲಸ ಮಾಡದ ಸಂಘವನ್ನು ಮನೆಗೆ ಕಳಿಸುವ ದಾರಿ ಇದ್ದಾಗಲೇ ಸಂಘ ಕೆಲಸ ಮಾಡುವುದು.

ಅಮೆರಿಕದಲ್ಲಿ ಇನ್ನೊಂದು ಪಾಠ ಸಿಕ್ಕಿತು. ಅಲ್ಲಿನ ಪರಂಪರೆ ಉಳಿಸುವ ರಾಷ್ಟ್ರೀಯ ಟ್ರಸ್ಟ್ 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಊರುಗಳ ಮುಖ್ಯ ಬೀದಿಗಳನ್ನು ಪ್ರಯೋಗಕ್ಕೆ ಆರಿಸಿಕೊಂಡಿತು. 1980ರಲ್ಲಿ ಅದನ್ನು ದೇಶದುದ್ದಕ್ಕೂ ಹರಡುವ ಕೇಂದ್ರ ಶುರುವಾಯಿತು. ಅವರ ಪದ್ಧತಿಯಲ್ಲಿ ಕಟ್ಟಡದ ಅಂದ, ವ್ಯಾಪಾರದ ಬಲ, ಪ್ರಚಾರ, ಸಂಘಟನೆ ನಾಲ್ಕೂ ಒಟ್ಟಿಗೆ ಸಾಗಬೇಕು. ನಾನು ಅದರಿಂದ ಕಲಿತದ್ದು ಒಂದೇ ವಿಷಯ. ಬೀದಿಗೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬೇಕು. ಅಂಗಡಿ ನಡೆಸುವವರಿಗೆ ಬಿಡುವಿರುವುದಿಲ್ಲ. ಅವರು ರಾತ್ರಿ ಗಲ್ಲಾ ಎಣಿಸಿ, ಶಟರ್ ಎಳೆದು, ಆಮೇಲೆ ಮೀಟಿಂಗಿಗೆ ಬರಬೇಕು ಎಂದರೆ ಎಷ್ಟು ದಿನ ಬಂದಾರು? ಮಾಲೀಕರ ಜೊತೆ ಮಾತಾಡುವುದು, ಹೊಸ ವ್ಯಾಪಾರಿಗೆ ಲೈಸೆನ್ಸ್ ಮಾಡಿಸಿಕೊಡಲು ಓಡಾಡುವುದು, ಕೆಟ್ಟ ಬೀದಿದೀಪದ ಬಗ್ಗೆ ಫೋನ್ ಮಾಡುವುದು, ಎಲ್ಲರೂ ಒಂದೇ ಹೊತ್ತಿಗೆ ಅಂಗಡಿ ತೆರೆಯುವಂತೆ ಒಪ್ಪಿಸುವುದು, ಇವು ಒಬ್ಬರ ಪೂರ್ತಿ ದಿನದ ಕೆಲಸ. ಕೊನೆಯದು ಸಣ್ಣ ವಿಷಯ ಅನಿಸಬಹುದು. ಆದರೆ ಗಿರಾಕಿ ಎರಡು ಸಲ ಬಂದು ಎರಡೂ ಸಲ ಅರ್ಧ ಬೀದಿ ಮುಚ್ಚಿರುವುದನ್ನು ನೋಡಿದರೆ ಮೂರನೇ ಸಲ ಬರುವುದಿಲ್ಲ. ಮಾಲ್‌ನ ಒಂದು ದೊಡ್ಡ ಬಲ ಇದೇ, ಯಾವಾಗ ಹೋದರೂ ತೆರೆದಿರುತ್ತದೆ.

ಯಾರಾದರೂ ನಿಮ್ಮನ್ನು, ಒಂದೇ ಹೆಸರಿನಲ್ಲಿ ಹಲವು ಕಡೆ ಮಳಿಗೆ ಇರುವ ದೊಡ್ಡ ಸರಣಿ ಅಂಗಡಿ ಬಂದರೇನು, ಸಣ್ಣವರು ಬಂದರೇನು, ವ್ಯಾಪಾರ ವ್ಯಾಪಾರವೇ ತಾನೆ ಎಂದು ಕೇಳಬಹುದು. 2002ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದರು. ಪುಸ್ತಕ ಮಾರುವ ಸರಣಿ ಮಳಿಗೆಯಲ್ಲಿ 100 ಡಾಲರ್ ಖರ್ಚು ಮಾಡಿದರೆ ಸ್ಥಳೀಯ ಆರ್ಥಿಕತೆಗೆ ಸಿಗುವುದು 13 ಡಾಲರ್, ಊರಿನವರೇ ನಡೆಸುವ ಅಂಗಡಿಗಳಲ್ಲಿ 45 ಡಾಲರ್ ಎಂದು ಬಂತು. ಅದು ಒಂದು ನಗರದ, ಕೆಲವೇ ಅಂಗಡಿಗಳ ಲೆಕ್ಕ, ಎಲ್ಲ ಕಡೆ ಅದೇ ಸಂಖ್ಯೆ ಎಂದು ಎತ್ತಿ ಹಿಡಿಯಬೇಡಿ. ಆದರೆ ಕಾರಣ ಎಲ್ಲ ಕಡೆ ಒಂದೇ. ಸಣ್ಣ ಅಂಗಡಿಯವರು ಲೆಕ್ಕ ಬರೆಸುವುದು ಪಕ್ಕದ ಬೀದಿಯಲ್ಲಿ, ಬೋರ್ಡ್ ಬರೆಸುವುದು ಇದೇ ಊರಲ್ಲಿ, ಲಾಭ ಖರ್ಚು ಮಾಡುವುದೂ ಇಲ್ಲೇ.

ಈಗ ನನಗೆ ಅತ್ಯಂತ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಮಾಡಿ, ನಾಲ್ಕು ವರ್ಷದ ಮೇಲೆ ಬೀದಿ ತುಂಬಿತು ಎಂದುಕೊಳ್ಳಿ. ಆಗ ಬಾಡಿಗೆ ಏರುತ್ತದೆ. ಕರಾರು ಮುಗಿದ ದಿನ ಮಾಲೀಕರು ಎರಡು ಪಟ್ಟು ಕೇಳುತ್ತಾರೆ. ಬೀದಿಗೆ ಹೆಸರು ತಂದವರು ಹೊರಟುಹೋಗುತ್ತಾರೆ, ಆ ಹೆಸರಿನ ಬೆಲೆ ಮಾತ್ರ ಮಾಲೀಕರಿಗೆ ಸಿಗುತ್ತದೆ. ಆಮೇಲೆ ಸರಣಿ ಅಂಗಡಿಗಳು ಬರುತ್ತವೆ, ಬೀದಿ ಎಲ್ಲ ಬೀದಿಗಳ ಹಾಗೆ ಆಗುತ್ತದೆ, ಜನರಿಗೆ ಬೇಸರವಾಗುತ್ತದೆ, ಮತ್ತೆ ಶಟರ್ ಇಳಿಯುತ್ತದೆ. ನನಗೆ ಇದು ನಿಜಕ್ಕೂ ಹೊಟ್ಟೆ ಉರಿಸುವ ವಿಷಯ. ಗೋಡೆ ಉಜ್ಜಿದವರು ಒಬ್ಬರು, ಫಲ ಉಂಡವರು ಇನ್ನೊಬ್ಬರು. 30 ದಿನದ ಕಾಗದ ಒಳಗೆ ಬರುವ ಬಾಗಿಲು ಮಾತ್ರ, ಅದರ ಮೇಲೆ ಯಾರೂ ಬದುಕು ಕಟ್ಟಲಾಗುವುದಿಲ್ಲ. ವ್ಯಾಪಾರ ಕುದುರಿದ ತಕ್ಷಣ ಅದನ್ನು ಗಟ್ಟಿ ಕರಾರಾಗಿ ಬದಲಿಸಬೇಕು. ಅದನ್ನು ಮಾಡುವ ಹೊತ್ತು ಬೀದಿ ಇನ್ನೂ ಅರ್ಧ ಖಾಲಿ ಇರುವಾಗ. ಆಗ ಮಾಲೀಕರಿಗೂ ಬಾಡಿಗೆದಾರರು ಬೇಕು. ಐದು ವರ್ಷದ ಅವಧಿ, ಮುಂದಿನ ಐದು ವರ್ಷಕ್ಕೆ ಬಾಡಿಗೆದಾರರ ಇಚ್ಛೆಯ ಮೇಲೆ ಮುಂದುವರಿಕೆ, ವರ್ಷಕ್ಕೆ ಇಷ್ಟೇ ಏರಿಕೆ ಎಂದು ಮೊದಲೇ ಬರೆದ ಮಾತು, ಇವು ಆಗ ಸುಲಭವಾಗಿ ಸಿಗುತ್ತವೆ. ಬೀದಿ ತುಂಬಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಕೆಲವು ನಗರಗಳು ಇದಕ್ಕೆ ಕಾನೂನಿನ ಬಲ ಕೊಟ್ಟಿವೆ. ಪ್ಯಾರಿಸ್ ನಗರ 2004ರಲ್ಲಿ ಶುರುವಾದ ಒಂದು ಯೋಜನೆಯಲ್ಲಿ ಆಯ್ದ ಬಡಾವಣೆಗಳ ನೆಲಮಹಡಿ ಮಳಿಗೆಗಳನ್ನು ತಾನೇ ಕೊಂಡು, ಸರಿಮಾಡಿಸಿ, ಸಣ್ಣ ವ್ಯಾಪಾರಿಗಳಿಗೆ ಕೊಟ್ಟಿತು. ಅಲ್ಲಿನ ಲ್ಯಾಟಿನ್ ಕ್ವಾರ್ಟರ್ ಬಡಾವಣೆಯ ಪುಸ್ತಕದಂಗಡಿಗಳನ್ನು ಉಳಿಸಿಕೊಳ್ಳಲು ಇದು ನೆರವಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹನ್ನೊಂದು ಅಥವಾ ಅದಕ್ಕಿಂತ ಜಾಸ್ತಿ ಮಳಿಗೆಗಳಿರುವ ಸರಣಿ ಅಂಗಡಿ ಬಡಾವಣೆಯ ವ್ಯಾಪಾರದ ಬೀದಿಗೆ ಬರಬೇಕಾದರೆ ವಿಶೇಷ ಅನುಮತಿ ಬೇಕು. ಅಲ್ಲಿನ ಮತದಾರರೇ 2006ರಲ್ಲಿ ಅದನ್ನು ಒಪ್ಪಿದರು. ಇಂಗ್ಲೆಂಡಿನಲ್ಲಿ 2024ರ ಡಿಸೆಂಬರ್‌ನಿಂದ ಹೊಸ ಅಧಿಕಾರ ಬಂದಿದೆ. ಎರಡು ವರ್ಷದಲ್ಲಿ ಒಟ್ಟು 365 ದಿನಕ್ಕಿಂತ ಜಾಸ್ತಿ ಖಾಲಿ ಬಿದ್ದಿದ್ದ ಮಳಿಗೆಯನ್ನು ಸ್ಥಳೀಯ ಆಡಳಿತ ಹರಾಜಿನಲ್ಲಿ ಒಂದರಿಂದ ಐದು ವರ್ಷಕ್ಕೆ ಬಾಡಿಗೆಗೆ ಕೊಡಿಸಬಹುದು. ಬೀಗದ ಕೈ ಕೊಡದ ಮಾಲೀಕರಿಗೆ ಇದು ಕೊನೆಯ ಮದ್ದು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜಪಾನಿನ ತಕಮತ್ಸು ನಗರದ ಮಾರುಗಮೆಮಾಚಿ ಬೀದಿ. ಜಪಾನಿನಲ್ಲಿ ಇಂಥ ಸೊರಗಿದ ಬೀದಿಗಳಿಗೆ 'ಶಟರ್ ಬೀದಿ' ಎಂದೇ ಹೆಸರು ಬಿದ್ದಿದೆ. ಮಾರುಗಮೆಮಾಚಿಯ ಆಸ್ತಿದಾರರು ಒಂದು ಧೈರ್ಯದ ಕೆಲಸ ಮಾಡಿದರು. ನೆಲದ ಒಡೆತನ ತಮ್ಮಲ್ಲೇ ಇಟ್ಟುಕೊಂಡು, ಅದನ್ನು ಬಳಸುವ ಹಕ್ಕನ್ನು ಬೀದಿಗಾಗಿಯೇ ಕಟ್ಟಿದ ಒಂದು ಕಂಪನಿಗೆ 60 ವರ್ಷಕ್ಕೆ ಒಟ್ಟಾಗಿ ಬಿಟ್ಟುಕೊಟ್ಟರು. ಯಾವ ಅಂಗಡಿ ಎಲ್ಲಿ ಬರಬೇಕು, ಮೇಲೆ ಎಷ್ಟು ಮನೆ ಇರಬೇಕು ಎಂಬುದನ್ನು ಆ ಕಂಪನಿಯೇ ಒಟ್ಟಾರೆಯಾಗಿ ನೋಡಿ ತೀರ್ಮಾನಿಸುತ್ತದೆ. ಆಸ್ತಿದಾರರಿಗೆ ಸಿಗುವ ದುಡ್ಡು ವ್ಯಾಪಾರದ ಜೊತೆ ಏರಿಳಿಯುತ್ತದೆ. ಅಂಗಡಿ ಸೊರಗಿದರೆ ಅವರಿಗೂ ಪೆಟ್ಟು. ಮೊದಲ ಭಾಗ 2006ರಲ್ಲಿ ತೆರೆಯಿತು. ಬಾಡಿಗೆಯ ಒಂದು ಪಾಲನ್ನಾದರೂ ವ್ಯಾಪಾರಕ್ಕೆ ಕಟ್ಟುವ ಈ ಉಪಾಯವನ್ನು ಎರಡು ಮೂರು ಅಂಗಡಿಯ ಮಟ್ಟದಲ್ಲೂ ಮಾಡಬಹುದು: ಸಣ್ಣ ನಿಗದಿ ಬಾಡಿಗೆ, ಅದರ ಮೇಲೆ ಮಾರಾಟದ ಇಷ್ಟು ಭಾಗ. ಮೊದಲ ವರ್ಷ ವ್ಯಾಪಾರಿಗೆ ಉಸಿರಾಡಲು ಆಗುತ್ತದೆ, ಚೆನ್ನಾಗಿ ನಡೆದರೆ ಮಾಲೀಕರಿಗೂ ಪಾಲು ಸಿಗುತ್ತದೆ.

ಇದು ಕೈಗೂಡದ ಕಡೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಡೆದು ಬರುವಷ್ಟು ದೂರದಲ್ಲಿ ಜನ ವಾಸವೂ ಇಲ್ಲ, ಕೆಲಸವೂ ಇಲ್ಲ, ಬಸ್ಸೂ ಬರುವುದಿಲ್ಲ ಎಂದರೆ ಎಂಥ ಒಳ್ಳೆಯ ಅಂಗಡಿಯೂ ನಿಲ್ಲುವುದಿಲ್ಲ. ಅಲ್ಲಿ ಮೊದಲು ಮನೆಗಳು ಬರಬೇಕು. ಬೀದಿ ತೀರಾ ಉದ್ದವಿದ್ದರೆ ಅಷ್ಟೂ ಅಂಗಡಿಗಳಿಗೆ ಗಿರಾಕಿ ಸಾಲುವುದಿಲ್ಲ. ಒಂದು ತುದಿಯನ್ನು ಮನೆಗಳಿಗೋ ಕಚೇರಿಗಳಿಗೋ ಬಿಟ್ಟು, ಉಳಿದ ಭಾಗವನ್ನು ಒತ್ತಾಗಿ ತುಂಬುವುದೇ ಜಾಣತನ. ಇದನ್ನು ಒಪ್ಪಿಕೊಳ್ಳಲು ಹಳೆಯ ವ್ಯಾಪಾರಿಗಳಿಗೆ ಸಂಕಟವಾಗುತ್ತದೆ. ಅವರ ಜೊತೆ ಕೂತು ಮಾತಾಡಿ, ಆತುರ ಮಾಡಬೇಡಿ.

ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು? ಮೂವತ್ತು ಶಟರ್‌ಗಳನ್ನೂ ಒಟ್ಟಿಗೆ ಎತ್ತಲು ಹೋಗಬೇಡಿ. ಒಂದರಿಂದ ಒಂದು ಕಾಣುವಷ್ಟು ಹತ್ತಿರ ಇರುವ ಐದನ್ನು ಆರಿಸಿ. ಅವು ಬೀದಿಯ ಜಾಸ್ತಿ ಓಡಾಟ ಇರುವ ತುದಿಗೆ ಹತ್ತಿರ ಇರಲಿ. ಐದು ಬೇರೆ ಬೇರೆ ಮೂಲೆಗಳಲ್ಲಿ ಐದು ಅಂಗಡಿ ತೆರೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಕಡೆ ಐದು ತೆರೆದರೆ ಅಲ್ಲೇನೋ ನಡೆಯುತ್ತಿದೆ ಎಂದು ಊರಿಗೆಲ್ಲ ಸುದ್ದಿಯಾಗುತ್ತದೆ. ಆ ಐದರ ಮಾಲೀಕರ ಹತ್ತಿರ ಹೋಗುವಾಗ ಕೈಯಲ್ಲಿ ಸಿದ್ಧ ಕರಾರು, ವಿಮೆಯ ಕಾಗದ, ಒಳಗೆ ಬರಲು ತಯಾರಿರುವ ವ್ಯಾಪಾರಿಯ ಹೆಸರು ಮೂರೂ ಇರಲಿ. ಮೊದಲ ಭೇಟಿಯಲ್ಲಿ ಬೇಡ ಎಂದವರು ಪಕ್ಕದ ಮಳಿಗೆಯಲ್ಲಿ ದೀಪ ಹತ್ತಿದ್ದನ್ನು ನೋಡಿದ ಮೇಲೆ ತಾವೇ ಫೋನ್ ಮಾಡುವುದುಂಟು. ಈಗಾಗಲೇ ತೆರೆದಿರುವ ಹಳೆಯ ಅಂಗಡಿಯವರನ್ನು ಮಾತ್ರ ಮರೆಯಬೇಡಿ. ಬೀದಿ ಬರಿದಾದಾಗಲೂ ಬಾಗಿಲು ತೆಗೆದು ಕೂತವರು ಅವರು. ಹೊಸಬರಿಗೆ ಕೊಡುವ ಬಾಡಿಗೆ ರಿಯಾಯಿತಿ, ಬೋರ್ಡಿನ ಖರ್ಚು, ಪ್ರಚಾರ ಅವರಿಗೂ ಸಿಗಬೇಕು. ಮೊದಲ ಸಭೆಯನ್ನು ಅವರ ಅಂಗಡಿಯಲ್ಲೇ ಕರೆಯಿರಿ, ಅವರ ಶಟರ್ ಇಳಿಯುವ ಹೊತ್ತಿಗೆ.